ಪೂರ್ತಿ ಒಂದು ಗಂಟೆಯ ಊಟ

ಅವತ್ತು ನಾವು ಮೂವರೂ ಊಟದ ಡಬ್ಬಿ ಇಲ್ಲದೆ ಕೆಲಸಕ್ಕೆ ಬಂದಿದ್ದೆವು. ಮನೆಯಲ್ಲಿ ಅಡುಗೆ ಆಗಿರಲಿಲ್ಲ ಎಂದಲ್ಲ, ಬೇಕೆಂದೇ ಬಿಟ್ಟು ಬಂದದ್ದು. ಡಬ್ಬಿ ಇದ್ದರೆ ಅಂಗಡಿಯಲ್ಲೇ ಕೂತು ತಿನ್ನುತ್ತೇವೆ. ಅಂಗಡಿಯಲ್ಲಿ ಕೂತರೆ ಎಡಗೈ ತಾನಾಗಿ ಬಟ್ಟೆಯ ಕಡೆ ಹೋಗುತ್ತದೆ. ಕೈ ಬಟ್ಟೆಗೆ ಹೋಯಿತೆಂದರೆ ನಾನು ಇಷ್ಟು ದಿನ ಗಂಟಲು ಹರಿದುಕೊಂಡದ್ದೆಲ್ಲ ನೀರಿನಲ್ಲಿ ಹೋಮ.

ನಮ್ಮದು ಮದುವೆಯ ಉಡುಪು ಹೊಲಿದುಕೊಡುವ, ಅಳತೆ ಸರಿಮಾಡಿಕೊಡುವ ಅಂಗಡಿ. ಬಟ್ಟೆ ಕತ್ತರಿಸುವುದು ನಾನು, ಮಿಷಿನ್ ತುಳಿಯುವುದು ನನ್ನ ನಾದಿನಿ, ಕೈಹೊಲಿಗೆಯೆಲ್ಲ ನಾವು ಗುಂಡಿ ಅಕ್ಕ ಎಂದು ಕರೆಯುವವಳದು. ಅಕ್ಕ ನಮಗೆ ನೆಂಟಳೇನಲ್ಲ. ಈಗಿನ ಯಜಮಾನರ ತಂದೆಯ ಕಾಲದಿಂದ ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ಆ ಮೂಲೆಯಲ್ಲಿ ಕೂತಿರುವುದರಿಂದ ಅವಳು ಎಲ್ಲರಿಗೂ ಅಕ್ಕ, ಯಜಮಾನರಿಗೂ ಅಕ್ಕ. ಇಷ್ಟು ವರ್ಷ ನಾವು ಉಂಡದ್ದು ಮಿಷಿನ್ನಿನ ಪಕ್ಕದಲ್ಲೇ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಗಬಗಬನೆ ನಾಲ್ಕು ತುತ್ತು. ನಡುವೆ ಗಿರಾಕಿ ಬಂದರೆ ಆ ನಾಲ್ಕಕ್ಕೂ ಕಲ್ಲು.

ಹೋದ ತಿಂಗಳು ನಾದಿನಿಯ ಡಬ್ಬಿಯಿಂದ ಎಣ್ಣೆಯ ಒಂದು ಹನಿ ಸಿಡಿದು ಹಾಲಿನಂಥ ಬಿಳಿ ಗೌನಿನ ಮೇಲೆ ಬಿತ್ತು. ಯಜಮಾನರು ಆಕಾಶ ಭೂಮಿ ಒಂದು ಮಾಡಿದರು. ಮಿಷಿನ್ನಿನ ಹತ್ತಿರ ಯಾರಾದರೂ ಊಟ ಮಾಡುತ್ತಾರೆಯೇ ಎಂದು ಕೇಳಿದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಸರಿ, ಇನ್ನು ಮೇಲೆ ಮಾಡುವುದಿಲ್ಲ, ಎಲ್ಲರ ಹಾಗೆ ಹೊರಗೆ ಹೋಗಿ ಊಟ ಮಾಡುತ್ತೇವೆ, ಅದಕ್ಕೆ ಒಂದು ಗಂಟೆ ಬಿಡುವು ಕೊಡಿ ಎಂದೆ. ಆಡಿದ ಮಾತು ತಮ್ಮ ಕೊರಳಿಗೇ ಸುತ್ತಿಕೊಂಡಾಗ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮದುವೆಗಳ ಕಾಲ ಬೇರೆ, ಮೂವರೂ ಒಟ್ಟಿಗೆ ಕೈಕಟ್ಟಿ ಕೂತರೆ ಅಂಗಡಿಗೆ ಬೀಗವೇ. ಅಂತೂ ಇಂತೂ ಹಗ್ಗ ಜಗ್ಗಾಡಿ ಒಪ್ಪಿದರು. ಒಪ್ಪುವಾಗಲೂ ನಗುನಗುತ್ತಲೇ ಒಂದು ಷರತ್ತು ಹಾಕಿದರು.

"ಒಂದು ಗಂಟೆ ತಗೊಳ್ಳಿ. ಆದ್ರೆ ಅಷ್ಟು ಹೊತ್ತು ಏನು ಮಾಡ್ಬೇಕು ಅಂತ ನಿಮಗೇ ಗೊತ್ತಾಗಲ್ಲ. ಒಂದೇ ಒಂದು ದಿನ, ಒಬ್ಬರೇ ಒಬ್ಬರು ಅರ್ಧಕ್ಕೆ ಎದ್ದು ಬಂದ್ರೂ, ನಿಮಗೆ ಅದು ಬೇಕಿಲ್ಲ ಅಂತ ತಿಳ್ಕೋತೀನಿ. ಆಮೇಲೆ ಹಳೇ ಪದ್ಧತಿನೇ."

ಹೇಳುವಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ, ಅಕ್ಕನ ಮೇಲಿತ್ತು. ಮನುಷ್ಯ ಕೆಟ್ಟವರಲ್ಲ, ಆದರೆ ಯಾವ ದಾರ ಎಳೆದರೆ ಯಾವ ಹೊಲಿಗೆ ಬಿಚ್ಚುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ನಾನು ಬೈದರೆ ಬೈಸಿಕೊಳ್ಳುತ್ತಾರೆ. ಅಕ್ಕನಿಗೆ ಮಾತ್ರ ಬೆಣ್ಣೆ. ಅಕ್ಕ, ನಿಮ್ಮ ಕೈ ಬಿದ್ದರೇ ಇದಕ್ಕೊಂದು ಕಳೆ ಎಂದರೆ ಸಾಕು, ಅವಳು ಕರಗಿ ನೀರಾಗುತ್ತಾಳೆ. ಇಲ್ಲ ಎನ್ನುವ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿಯೇ ಇಲ್ಲ. ಮನೆಯಲ್ಲೂ ಅಷ್ಟೇ, ಎಲ್ಲರದೂ ಆದ ಮೇಲೆ ಒಲೆಯ ಮುಂದೆ ನಿಂತುಕೊಂಡೇ ಉಣ್ಣುತ್ತಾಳಂತೆ. ನನ್ನ ಗಂಟೆ ಉಳಿಯುವುದೂ ಹೋಗುವುದೂ ಈ ಹೆಂಗಸಿನ ದಾಕ್ಷಿಣ್ಯದ ಮೇಲೆ ನಿಂತಿತ್ತು.

ಮೊದಲ ದಿನದ ಊಟಕ್ಕೆ ಎಲ್ಲಿಗೆ ಎಂಬ ಚರ್ಚೆಯೇ ಆಗಲಿಲ್ಲ. ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಚೀನೀ-ವಿಯೆಟ್ನಾಮಿ ಹೋಟೆಲು. ನಮ್ಮ ಹಿಂಬಾಗಿಲು ತೆರೆದರೆ ಅವರ ಅಡುಗೆಮನೆಯ ಹೊಗೆ ನೇರ ಒಳಗೆ ಬರುತ್ತದೆ. ಬೆಳ್ಳುಳ್ಳಿ ಹುರಿದ ವಾಸನೆ ಮೂಗಿಗೆ ಹೊಡೆಸಿಕೊಳ್ಳುತ್ತ ತಣ್ಣಗಿನ ಅನ್ನ ನುಂಗಿದ್ದು ಎಷ್ಟು ಸಲವೋ. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಹೊರಗಿನಿಂದ ಏನೂ ಅಲ್ಲದ ಜಾಗ. ಒಳಗೆ ಏಳೆಂಟು ಮೇಜು, ಕೆಂಪು ಪ್ಲಾಸ್ಟಿಕ್ ಸ್ಟೂಲು, ಪ್ರತಿ ಮೇಜಿನ ಮೇಲೂ ಒಂದು ತಗಡಿನ ಡಬ್ಬಿಯಲ್ಲಿ ಊಟದ ಕಡ್ಡಿಗಳು, ಪಕ್ಕದಲ್ಲಿ ಮೆಣಸಿನ ಸಾಸಿನ ಬಾಟಲಿ. ಒಳಗೆ ಒಲೆಯ ಮುಂದೆ ಗಂಡ, ಅವನು ಚೀನಾದವನು. ಹೊರಗೆ ಕೌಂಟರಿನಲ್ಲಿ ಹೆಂಡತಿ, ಅವಳು ವಿಯೆಟ್ನಾಮಿನವಳು. ಗೋಡೆಯ ಮೇಲಿನ ಪಟ್ಟಿಯಲ್ಲೂ ಎಡಕ್ಕೆ ಅವನ ಅಡುಗೆಯ ಚಿತ್ರ, ಬಲಕ್ಕೆ ಇವಳ ಅಡುಗೆಯದು. ಯಾವ ಕಡೆ ತಿಂದರೆ ಯಾರಿಗೆ ಸಿಟ್ಟು ಬರುತ್ತದೋ ಎಂದು ನಾದಿನಿ ಪಿಸುಗುಟ್ಟಿದಳು. ಎರಡೂ ಕಡೆಯಿಂದ ತರಿಸಿದೆವು. ಅಕ್ಕನಿಗೆ ಮತ್ತು ನನಗೆ ಅಕ್ಕಿ ಶಾವಿಗೆಯ ಸೂಪು, ನಾದಿನಿಗೆ ಹುರಿದ ನೂಡಲ್ಸ್.

ಸೂಪಿನ ಬಟ್ಟಲು ಕೂಸಿಗೆ ಸ್ನಾನ ಮಾಡಿಸಬಹುದಾದಷ್ಟು ದೊಡ್ಡದಿತ್ತು. ಜೊತೆಗೊಂದು ತಟ್ಟೆಯಲ್ಲಿ ಹಸಿ ಸೊಪ್ಪು, ಮೊಳಕೆ ಕಾಳು, ನಿಂಬೆಹಣ್ಣಿನ ಹೋಳು. ಕೌಂಟರಿನ ಹೆಂಗಸು ನಿಂತು, ಸೊಪ್ಪನ್ನು ಹರಿದು ಹಾಕಬೇಕು, ನಿಂಬೆ ಹಿಂಡಬೇಕು, ಆಮೇಲೆ ನಿಧಾನಕ್ಕೆ ತಿನ್ನಬೇಕು ಎಂದು ಕೈಸನ್ನೆಯಲ್ಲೇ ತೋರಿಸಿಕೊಟ್ಟಳು. ನಿಧಾನ ಎಂಬುದನ್ನು ತೋರಿಸಲು ಅವಳು ಅಂಗೈಯನ್ನು ಗಾಳಿಯಲ್ಲಿ ತೇಲಿಸಿದಳು. ನಾವು ಮೂವರೂ ಬುದ್ಧಿವಂತರ ಹಾಗೆ ತಲೆಯಾಡಿಸಿದೆವು.

ಆಮೇಲೆ ಏನಾಯಿತೆಂದು ನನಗೂ ಸರಿಯಾಗಿ ಗೊತ್ತಿಲ್ಲ. ತಲೆ ತಗ್ಗಿಸಿದ್ದು ನೆನಪಿದೆ, ನಾಲಿಗೆ ಸುಟ್ಟದ್ದು ನೆನಪಿದೆ. ತಲೆ ಎತ್ತುವಾಗ ಬಟ್ಟಲು ಖಾಲಿ. ಎದುರಿಗೆ ಅಕ್ಕನ ಬಟ್ಟಲೂ ಖಾಲಿ, ನಾದಿನಿಯ ತಟ್ಟೆಯಲ್ಲಿ ಒಂದು ಎಳೆ ನೂಡಲ್ಸ್ ಇಲ್ಲ. ಗೋಡೆಯ ಗಡಿಯಾರ ನೋಡಿದೆ. ಮುಳ್ಳು ಇನ್ನೂ ಕಾಲು ಗಂಟೆಯ ಗುರುತನ್ನೂ ಮುಟ್ಟಿರಲಿಲ್ಲ. ಇಷ್ಟು ವರ್ಷಗಳ ಆಸೆಯನ್ನು, ಇಷ್ಟು ವಾರಗಳ ಜಗಳವನ್ನು ನಾವು ಗಂಟಲಿನಿಂದ ಹಾಗೇ ಇಳಿಸಿಬಿಟ್ಟಿದ್ದೆವು. ರುಚಿ ಹೇಗಿತ್ತು ಎಂದು ಕೇಳಿದರೆ ಬಿಸಿಯಿತ್ತು ಎಂದಷ್ಟೇ ಹೇಳಬಲ್ಲೆ. ಬಟ್ಟಲು ತೆಗೆಯಲು ಬಂದ ಹೆಂಗಸು ಒಮ್ಮೆ ಬಟ್ಟಲನ್ನು, ಒಮ್ಮೆ ನಮ್ಮನ್ನು ನೋಡಿದಳು. ಮೇಜಿನ ಕೆಳಗೂ ಬಗ್ಗಿ ನೋಡಿದಳು, ಎಲ್ಲಾದರೂ ಚೆಲ್ಲಿದ್ದೇವೋ ಏನೋ ಎಂದು.

ಯಜಮಾನರ ಮಾತು ನಿಜವಾಗಿತ್ತು. ಉಳಿದ ಹೊತ್ತು ಏನು ಮಾಡಬೇಕೆಂದು ನಮಗೆ ಗೊತ್ತಿರಲಿಲ್ಲ. ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ನನ್ನ ಮೇಲೇ ಬಂತು. ತರಕಾರಿ ತುಂಬಿ ಕರಿದ ಸುರುಳಿಗಳನ್ನು ತರಿಸಿದೆ. ಅವೂ ಕಣ್ಣು ಮಿಟುಕಿಸುವುದರೊಳಗೆ ಮಾಯ. ನಾದಿನಿ, ಬೀದಿಯಲ್ಲಿ ಒಂದು ಸುತ್ತು ಹಾಕಿ ಬರೋಣ ಅತ್ತಿಗೆ ಎಂದಳು. ಯಾವ ಕಡೆ ಸುತ್ತಿದರೂ ಅಂಗಡಿಯ ಗಾಜಿನ ಮುಂದೆಯೇ ಹಾದು ಹೋಗಬೇಕು, ಅವರು ಬಾಗಿಲಲ್ಲಿ ನಿಂತು ಬಂದಿರಾ ಎಂದು ನಕ್ಕರೆ ಅಕ್ಕ ಒಳಗೆ ಹೋಗಿಯೇಬಿಡುತ್ತಾಳೆ ಎಂದು ನಾನು ನಾದಿನಿಯ ಬಾಯಿ ಮುಚ್ಚಿಸಿದೆ.

ಅಕ್ಕನಂತೂ ಮುಳ್ಳಿನ ಮೇಲೆ ಕೂತವಳ ಹಾಗೆ ಕೂತಿದ್ದಳು. ಒಮ್ಮೆ ಚೀಲ ತೊಡೆಗೆ, ಒಮ್ಮೆ ನೆಲಕ್ಕೆ. ತೋಳಿನ ಅಂಚು ಅರ್ಧ ಆಗಿದೆ, ಹಾಗೇ ಬಿಟ್ಟರೆ ಬಟ್ಟೆ ಸುಕ್ಕಾಗುತ್ತದೆ ಎಂದಳು. ಹೊಟ್ಟೆ ತುಂಬಿತಲ್ಲ, ಸುಮ್ಮನೆ ಕೂರುವುದೆಂದರೆ ಕದ್ದು ಕೂತ ಹಾಗಾಗುತ್ತದೆ ಎಂದಳು. ಏನೋ ಬಿರುಸಾಗಿ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಎಲ್ಲದಕ್ಕೂ ನೀನೇ ನಮ್ಮ ಪರವಾಗಿ ಬಾಯಿ ಬಿಡುತ್ತೀಯ ಎಂದು ಹಿಂದಿನ ದಿನವಷ್ಟೇ ಅವಳು ಹೇಳಿದ್ದಳು. ಬಾಯಿಗೆ ಬೀಗ ಹಾಕಿಕೊಂಡು, ಗೋಡೆಯ ಪಟ್ಟಿಯ ಕೊನೆಯ ಚಿತ್ರದ ಕಡೆ ಬೆರಳು ಮಾಡಿ ತೋರಿಸಿದೆ. ಅದು ಕಾಫಿ.

ಬಂದದ್ದು ಕಾಫಿಯಲ್ಲ, ಕಾಫಿಯಾಗಲಿರುವ ಏನೋ ಒಂದು. ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿದ ಗಾಜಿನ ಲೋಟ, ಅದರ ತಳದಲ್ಲಿ ಗಟ್ಟಿ ಸಿಹಿ ಹಾಲು, ಬಾಯಿಯ ಮೇಲೆ ಟೊಪ್ಪಿಗೆಯ ಹಾಗೆ ಒಂದು ಪುಟ್ಟ ಸ್ಟೀಲಿನ ಫಿಲ್ಟರು. ಅದರಿಂದ ಕಪ್ಪು ಹನಿಯೊಂದು ಇಳಿಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅಕ್ಕನಿಗೆ ತಡೆಯಲಾಗಲಿಲ್ಲ. ಚಮಚ ತೆಗೆದುಕೊಂಡು ಫಿಲ್ಟರಿನ ತಲೆಗೆ ಟಕಟಕ ಕುಟ್ಟಿದಳು. ಪಕ್ಕದ ಮೇಜಿನಲ್ಲಿ ತನ್ನ ಊಟಕ್ಕೆ ಕೂತಿದ್ದ ಕೌಂಟರಿನ ಹೆಂಗಸು ಎದ್ದು ಬಂದು, ಮಕ್ಕಳಿಗೆ ಹೊಡೆಯುವ ಹಾಗೆ ಅಕ್ಕನ ಕೈಮೇಲೆ ಮೆಲ್ಲಗೊಂದು ಹೊಡೆದು, ಚಮಚ ಕಸಿದುಕೊಂಡು ಹೋದಳು. ನಾದಿನಿ ಬಿದ್ದು ಬಿದ್ದು ನಕ್ಕಳು. ಅಕ್ಕನೂ ನಕ್ಕಳು.

ನಕ್ಕ ಮೇಲೆ ಅವಳ ಹೆಗಲು ಸಡಿಲವಾಯಿತು. ಮೊಣಕೈಯನ್ನು ಮೇಜಿಗೆ ಊರಿ, ಗಲ್ಲಕ್ಕೆ ಕೈ ಕೊಟ್ಟು ಲೋಟವನ್ನೇ ನೋಡತೊಡಗಿದಳು. ಅವಳು ಏನೂ ಮಾಡದೆ ಕೂತದ್ದನ್ನು ನಾನು ನೋಡಿದ್ದೇ ಆಗ. ಸೂಜಿಯಿಲ್ಲದ ಅವಳ ಕೈ ಯಾರದೋ ಕೈಯ ಹಾಗೆ ಕಂಡಿತು. ಅವಳ ಮುಖ ಅಷ್ಟು ಚೆಂದ ಎಂದು ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ನನಗೆ ತಿಳಿದಿರಲಿಲ್ಲ. ಕಣ್ಣು ಒದ್ದೆಯಾಯಿತು, ಸಾಸಿನ ಖಾರ ಎಂದು ಒರೆಸಿಕೊಂಡೆ.

ಆಗಲೇ ಯಜಮಾನರು ಒಳಗೆ ಬಂದರು.

ಬಾಗಿಲಲ್ಲಿ ನಿಂತು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನಮ್ಮ ಮೇಜು. ಎಂದಿನ ಹಾಗೆ ನನ್ನನ್ನು ಕಂಡೂ ಕಾಣದವರಂತೆ ದಾಟಿ ನೇರ ಅಕ್ಕನ ಪಕ್ಕಕ್ಕೆ ಬಂದು ಬಗ್ಗಿದರು. ಸ್ವರದಲ್ಲಿ ಜೇನು.

"ಅಕ್ಕ, ಮದುವೆ ಹುಡುಗಿ ಒಬ್ಳು ಬಂದು ಅಂಗಡೀಲಿ ನಿಂತಿದ್ದಾಳೆ. ಅಂಚು ಒಂಚೂರು ಬಿಚ್ಚಿದೆ ಅಷ್ಟೇ. ನಿಮ್ಮ ಕೈಗೆ ಅದು ಹತ್ತು ನಿಮಿಷದ ಕೆಲಸ. ನೀವೊಬ್ಬರು ಬಂದ್ರೆ ಸಾಕು. ಇವರಿಬ್ರೂ ಆರಾಮಾಗಿ ಕೂತಿರ್ಲಿ."

ನನ್ನ ರಕ್ತ ಕುದಿಯಿತು. ಒಬ್ಬರೇ ಒಬ್ಬರು ಎದ್ದರೂ ಸಾಕು ಎಂಬ ಷರತ್ತು ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಅಕ್ಕನ ಕೈ ಆಗಲೇ ಚೀಲದ ಪಟ್ಟಿಗೆ ಹೋಗಿತ್ತು. ಅವಳು ಅರ್ಧ ಎದ್ದಳು, ಸ್ಟೂಲು ನೆಲಕ್ಕೆ ಕಿರ್ರೆಂದಿತು. ಮೇಜಿನ ಕೆಳಗೆ ನಾದಿನಿ ನನ್ನ ಮೊಣಕಾಲನ್ನು ಹಿಂಡಿ ಹಿಡಿದಳು. ಈಗ ನಾನು ಒಂದು ಮಾತಾಡಿದರೂ ಅದು ನನ್ನ ಗೆಲುವೋ ಸೋಲೋ ಆಗುತ್ತದೆಯೇ ಹೊರತು ಅಕ್ಕನದಾಗುವುದಿಲ್ಲ ಎಂದು ಹೊಳೆದು, ಉಗುಳು ನುಂಗಿ ಕೂತೆ. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಯಜಮಾನರು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗೆದ್ದೆ ಎನ್ನುವ ಧೈರ್ಯದಲ್ಲಿ ಇನ್ನೊಂದು ಮಾತು ಸೇರಿಸಿದರು.

"ಊಟ ಹೇಗೂ ಮುಗೀತಲ್ಲ."

ಅಕ್ಕ ಲೋಟದ ಕಡೆ ನೋಡಿದಳು. ಒಂದು ಹನಿ ಇಳಿಯಿತು. ಚೀಲವನ್ನು ಬಿಟ್ಟು, ಅರ್ಧ ಎದ್ದವಳು ಮತ್ತೆ ಕೂತಳು. ಪೂರ್ತಿ ಕೂತಳು, ಬೆನ್ನನ್ನು ಗೋಡೆಗೆ ಒರಗಿಸಿ.

"ಇಲ್ಲ ಯಜಮಾನ್ರೇ, ಮುಗಿದಿಲ್ಲ. ಕಾಫಿ ಇಳೀತಾ ಇದೆ."

ಕಾಫಿ ತಾನೇ, ಅಲ್ಲಿಗೇ ತರಿಸಿಕೊಡುತ್ತೇನೆ, ಕೆಲಸ ಮಾಡುತ್ತ ಕುಡಿಯಬಹುದು ಎಂದರು ಅವರು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಸ್ವರ ಏರಲಿಲ್ಲ, ಗುಂಡಿ ಹಚ್ಚುವಾಗ ಯಾವ ನಿಧಾನದಲ್ಲಿ ದಾರ ಎಳೆಯುತ್ತಾಳೋ ಅದೇ ನಿಧಾನ.

"ನಿಮ್ಮಪ್ಪನ ಕಾಲದಿಂದ ಅಲ್ಲಿಗೇ ತರಿಸಿ ಕುಡಿದಿದ್ದೀನಿ. ಪಕ್ಕದಲ್ಲಿಟ್ಕೊಂಡು ಹೊಲೀತಾ ಹೊಲೀತಾ ಅದು ಆರಿ ಹೋಗತ್ತೆ. ಒಂದು ದಿನಾನೂ ಬಿಸಿ ಕುಡಿದಿಲ್ಲ. ಇವತ್ತು ಇಲ್ಲೇ ಕೂತು ಕುಡೀತೀನಿ. ಆ ಹುಡುಗಿಗೆ ಹೇಳಿ, ನನ್ನ ಗಂಟೆ ಆದ ಮೇಲೆ ಅವಳದೇ ಮೊದಲು."

ನನ್ನ ಗಂಟೆ ಎಂದಳು. ಅಲ್ಲಿಯವರೆಗೆ ಅದು ನಾನು ಬಾಯಿ ಬಡಿದುಕೊಂಡು ತಂದ ಗಂಟೆಯಾಗಿತ್ತು. ಈಗ ಅದು ಅವಳದಾಗಿತ್ತು, ಇನ್ನು ಅದನ್ನು ಕಿತ್ತುಕೊಳ್ಳಲು ಯಾರಪ್ಪನಿಂದಲೂ ಸಾಧ್ಯವಿರಲಿಲ್ಲ. ಎದ್ದು ನಿಂತು ಸಿಳ್ಳೆ ಹೊಡೆಯೋಣ ಎನಿಸಿತು, ಆದರೆ ಆ ಗಳಿಗೆಯಲ್ಲಿ ಏಳಬಾರದಲ್ಲ.

ಕೌಂಟರಿನ ಹೆಂಗಸು, ಯಜಮಾನರೂ ಊಟಕ್ಕೆ ಬಂದವರೆಂದು ತಿಳಿದು ಇನ್ನೊಂದು ಸ್ಟೂಲು ತಂದು ಅವರ ಹಿಂದೆ ಇಟ್ಟಳು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮದುವೆ ಹುಡುಗಿಯದೇ. ಎಲ್ಲಿ ಹೋದಿರಿ ಎಂದು ಅವಳು ಕೇಳುವುದು ನಮಗೂ ಕೇಳಿಸುವಷ್ಟು ಜೋರಾಗಿತ್ತು. ಯಜಮಾನರು ಫೋನನ್ನು ಕಿವಿಗಿಟ್ಟುಕೊಂಡು ಅಕ್ಕನನ್ನು ನೋಡಿದರು. ಅಕ್ಕ ಅವರನ್ನು ನೋಡಲೇ ಇಲ್ಲ, ಅವಳ ಕಣ್ಣು ಲೋಟದ ಮೇಲಿತ್ತು.

"ಹೂನಮ್ಮಾ," ಎಂದರು ಅವರು ಕೊನೆಗೆ. "ನಮ್ಮೋರು ಊಟ ಮಾಡ್ತಾ ಇದ್ದಾರೆ. ಊಟದ ಹೊತ್ತಲ್ಲಿ ಕರೆಯೋ ಹಾಗಿಲ್ಲ. ಅಲ್ಲೇ ಕುರ್ಚಿ ಇದೆ, ಕೂತಿರಿ."

ಹೇಳಿ ಫೋನು ಜೇಬಿಗಿಟ್ಟು, ತಾವೇನು ಹೇಳಿದೆವೆಂದು ತಮಗೇ ನಂಬಿಕೆಯಿಲ್ಲದವರ ಹಾಗೆ ಒಂದು ಕ್ಷಣ ನಿಂತರು. ಆಮೇಲೆ ಬಂದ ದಾರಿಯಲ್ಲೇ ಹೊರಟುಹೋದರು.

ನಾದಿನಿ ಮುಖ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಹನಿ ನಿಂತಿತ್ತು. ಅಕ್ಕ ಫಿಲ್ಟರನ್ನು ಪಕ್ಕಕ್ಕಿಟ್ಟು, ತಳದ ಹಾಲನ್ನು ಕಲಕಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ನಾಲಿಗೆ ಚುರ್ರೆಂದಿರಬೇಕು, ಉಫ್ ಎಂದು ಊದಿಕೊಂಡಳು.

"ಬಿಸಿ ಇದೆ ಕಣ್ರೇ," ಎಂದಳು.

ಲೋಟ ನನ್ನ ಕೈಗೆ ಬಂತು, ನನ್ನಿಂದ ನಾದಿನಿಗೆ ಹೋಯಿತು, ಮತ್ತೆ ಅಕ್ಕನಿಗೆ. ಗಂಟೆ ಮುಗಿಯಲು ಇನ್ನೂ ಹೊತ್ತಿತ್ತು. ನಾವು ಕೂತೇ ಇದ್ದೆವು.