ಗಾಡಿಯ ಮೂಗಿಗೆ ಕಟ್ಟಿದ ಆಯೇರಿ

"ಇಳೀರಿ, ಇಳೀರಿ, ಎಲ್ಲಾರೂ ಇಳೀರಿ! ಗಾಡಿ ಮತ್ತ ಕಾದದ!"

ದೌಲತರಾಯ ಹೀಗೆ ಕೂಗಿದ್ದು ಆ ದಿನ ಮೂರನೆಯ ಸಲ. ಚೌಡಾಪುರ ಬಿಟ್ಟು ಇನ್ನೂ ಎಂಟು ಮೈಲಿ ಆಗಿರಲಿಲ್ಲ, ಎದುರಿಗೆ ಏರು ಬೇರೆ ಇತ್ತು. ಪಿಕಪ್ಪಿನ ಹಿಂದೆ ಚೀಲಗಳ ಮೇಲೆ ಕುಳಿತಿದ್ದ ಎಂಟು ಜನ ಹೆಣ್ಣುಮಕ್ಕಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬೊಬ್ಬರಾಗಿ ಇಳಿದರು. ಕಾದ ಗಾಡಿಗೆ ನೀರು ತರುವವರು ಯಾರು? ಇವರೇ. ಏರಿನಲ್ಲಿ ನೂಕುವವರು ಯಾರು? ಅದೂ ಇವರೇ. ಬೈಸಿಕೊಳ್ಳುವವರೂ ಇವರೇ.

ಸುಮಿತ್ರಾಬಾಯಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಈ ಹೆಣ್ಣುಮಕ್ಕಳ ಗುಂಪಿಗೆ ಹಿರಿಯಳು, ದೌಲತರಾಯನಿಗೆ ಅಣ್ಣನ ಹೆಂಡತಿ, ವೈನಿ. ಮೈದುನ ಎರಡು ವರ್ಷದ ಹಿಂದೆ ಹಳೆಯದೊಂದು ಡೀಸೆಲ್ ಪಿಕಪ್ ಕೊಂಡು, ಅದರ ಹಿಂದೆ ತೊಗರಿ ಒಕ್ಕಿ ರಾಶಿ ಮಾಡುವ ಮಷಿನ್ ಕಟ್ಟಿ ಊರೂರು ಎಳೆಯತೊಡಗಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಈ ತೊಂಬತ್ತನಾಲ್ಕರ ಸುಗ್ಗಿಯಲ್ಲಿ ಮಾತ್ರ ಆ ಗಾಡಿಯನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಸಿಟ್ಟು ಬರದೆ ಏನು ಮಾಡೀತು? ಗಾಡಿಯ ಮುಖವನ್ನು ನೋಡಬೇಕಿತ್ತು ನೀವು! ಒಬ್ಬ ರೈತನ ರಾಶಿ ಮುಗಿದರೆ ಆತ ಮಷಿನ್ ತಂದ ಗಾಡಿಗೆ ಆಯೇರಿ, ಅಂದರೆ ಮರ್ಯಾದೆಯ ಉಡುಗೊರೆ, ಮಾಡುತ್ತಿದ್ದ. ಕಾಯಿ ಒಡೆದು, ಕುಂಕುಮ ಹಚ್ಚಿ, ಹೊಸದೊಂದು ಟವೆಲನ್ನು ಮುಂದಿನ ಜಾಲರಿಗೆ ಕಟ್ಟುತ್ತಿದ್ದ. ಅದನ್ನು ಸುಗ್ಗಿ ಮುಗಿಯುವವರೆಗೆ ಬಿಚ್ಚಬಾರದು. ಎಷ್ಟು ಟವೆಲೋ ಅಷ್ಟು ರಾಶಿ, ಅಷ್ಟು ಮರ್ಯಾದೆ. ದೌಲತರಾಯನ ಗಾಡಿಗೆ ಆಗ ಹದಿನೆಂಟು ಟವೆಲು ಆಗಿದ್ದವು. ಒಂದರ ಮೇಲೊಂದು ಬಿಗಿದು, ಮೇಲೆ ನಾಲ್ಕು ಒಣಗಿದ ಹೂಮಾಲೆ ಬೇರೆ. ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಬಂದವರಿಂದ ಅವನ್ನು ಎಣಿಸುವುದು ಅವನಿಗೊಂದು ಖುಷಿ.

"ದೌಲತಾ, ಆ ಟವೆಲ್ ಬಿಚ್ಚಪಾ," ಎಂದಳು ಸುಮಿತ್ರಾಬಾಯಿ. "ಗಾಡಿಗೆ ಉಸಿರಾಡಾಕ ಸಂದಿ ಇಲ್ಲ ಅಲ್ಲಿ. ಮ್ಯಾಲ ಯಾರದೋ ಬೀಗರಿಗೆ ಮುಟ್ಟಸ್ತೇನಂತ ಹತ್ತು ಚೀಲ ತೊಗರಿ ಬ್ಯಾರೆ ಹೇರಿದಿ. ಹಿಂದ ಅಷ್ಟ ದೊಡ್ಡ ಮಷಿನ್. ಅದ್ಯಾವ ಜೀವ ತಡಕೋತದ?"

"ವೈನಿ, ನೀವು ರೊಟ್ಟಿ ತಟ್ಟೂದು ನೋಡ್ರಿ. ಇಂಜಿನ್ ವಿಚಾರ ನನಗ ಬಿಡ್ರಿ," ಎಂದ ಅವನು. "ಹೆಣ್ಮಕ್ಕಳು ಹೇಳಿದಂಗ ಗಾಡಿ ನಡಸಿದ್ರ ಆತು ಬಿಡು!"

ಸುಮಿತ್ರಾಬಾಯಿಯ ಮುಖಕ್ಕೆ ಎಲ್ಲರೆದುರು ಹೊಡೆದ ಹಾಗೆ ಅಂದುಬಿಟ್ಟಿದ್ದ.

ಆ ಎಂಟು ಜನರಲ್ಲೊಬ್ಬಳಾದ, ಸುಮಿತ್ರಾಬಾಯಿಯ ಪಕ್ಕದ ಮನೆಯ ಮುಮತಾಜ ಹತ್ತಿರದ ಹೊಲದ ಬಾವಿಯಿಂದ ಒಂದು ಕೊಡ ನೀರು ಹೊತ್ತುಕೊಂಡು ಬಂದಳು. ದೌಲತರಾಯ ಬಾನೆಟ್ ಎತ್ತಿದ. ಒಳಗೆ ಕುದಿಯುವ ಸದ್ದು ಇನ್ನೂ ನಿಂತಿರಲಿಲ್ಲ. ಸೊನ್ನದ ಕಡೆ ಜಗದೇವಪ್ಪನವರ ಕಣದಲ್ಲಿ ರಾಶಿ ಕಾಯುತ್ತಿದೆ, ಮೋಡ ಬೇರೆ ಆಗುತ್ತಿದೆ ಎಂಬ ಅವಸರ ಅವನಿಗೆ. ಹೆಗಲ ಮೇಲಿನ ಬಟ್ಟೆಯನ್ನು ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ತಿರುವಲು ಕೈ ಇಟ್ಟ.

ಸುಮಿತ್ರಾಬಾಯಿ ಅದನ್ನು ನೋಡಿದಳು. ಒಲೆಯ ಮೇಲೆ ಕುದಿಯುವ ಗಡಿಗೆಯ ಬಾಯಿ ಬಿಗಿದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? "ತಗೀಬ್ಯಾಡ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಮ್ಮೆ ಅನ್ನಿಸಿಕೊಳ್ಳುವುದು ಯಾಕೆಂದು ನುಂಗಿಕೊಂಡಳು.

ಮುಚ್ಚಳ ಅರ್ಧ ತಿರುಗಿತೋ ಇಲ್ಲವೋ, ಭುಸ್ಸೆಂದು ಹಬೆ, ಕುದಿನೀರು ಆಳೆತ್ತರಕ್ಕೆ ಎದ್ದಿತು. ದೌಲತರಾಯ ಹಿಂದಕ್ಕೆ ಹಾರಿ ಬಿದ್ದು ಪಾರಾದ. ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದ ಮುಮತಾಜಳ ಬಲಗೈಯ ಮೇಲೆ, ಮೊಣಕೈಯಿಂದ ಬೆರಳಿನವರೆಗೆ, ಎಲ್ಲ ಸುರಿಯಿತು.

"ಯಾ ಅಲ್ಲಾ! ಅಕ್ಕಾ, ನನ್ನ ಕೈ! ಅಕ್ಕಾ!"

ಒಬ್ಬರು ಸುಣ್ಣ ಹಚ್ಚಿ ಅಂದರು. ದೌಲತರಾಯ ಗ್ರೀಸಿನ ಡಬ್ಬಿ ಹಿಡಿದು ಬಂದ. "ದೂರ ಸರಿ!" ಎಂದು ಸುಮಿತ್ರಾಬಾಯಿ ಅಬ್ಬರಿಸಿದಳು. ಮುಮತಾಜಳ ಬಳೆ, ಉಂಗುರ ತೆಗೆಸಿ, ಅದೇ ಕೊಡದ ತಣ್ಣೀರನ್ನು ಸುಟ್ಟ ಕೈಯ ಮೇಲೆ ಮೆಲ್ಲಗೆ ಹೊಯ್ಯುತ್ತಲೇ ಕುಳಿತಳು. ಇನ್ನೆರಡು ಕೊಡ ತರಿಸಿದಳು. ಸುಮಾರು ಅರ್ಧ ತಾಸು ನೀರು ಹೊಯ್ದ ಮೇಲೆ, ತೊಳೆದ ಸೀರೆಯ ಬಟ್ಟೆ ಸಡಿಲಾಗಿ ಹೊದಿಸಿ, ಹಾದುಹೋಗುವ ಲಾರಿಯೊಂದನ್ನು ಅಡ್ಡಗಟ್ಟಿ ಅಫಜಲಪುರದ ದವಾಖಾನೆಗೆ ಕರೆದೊಯ್ದಳು.

ಅಲ್ಲಿನ ನರ್ಸ್ ಖುರ್ಷಿದಬೇಗಂ ಕೈ ನೋಡಿ, "ನೀರು ಹಾಕಿದ್ದು ಬಾಳ ಚಲೋ ಮಾಡೀರಿ. ಸುಣ್ಣ, ಗ್ರೀಸ್ ಹಚ್ಚಿದ್ರ ಇನ್ನೂ ಕೆಡ್ತಿತ್ತು," ಎಂದರು. ಆಮೇಲೆ ಸುಮಿತ್ರಾಬಾಯಿಯನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ಚರ್ಮ ಆಳಕ್ಕ ಸುಟ್ಟದ. ಬೆರಳು ಮೊದಲಿನಂಗ ಮಡಚ್ತಾವೋ ಇಲ್ಲೋ, ಗಾಯ ಮಾಯ್ದ ಮ್ಯಾಲೇ ಗೊತ್ತಾಗ್ತದ."

ಬಲಗೈ! ರೊಟ್ಟಿ ತಟ್ಟುವ ಕೈ, ಕುಡುಗೋಲು ಹಿಡಿಯುವ ಕೈ, ಗಂಡನಿಲ್ಲದ ಮನೆಯಲ್ಲಿ ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಸಾಕುವ ಕೈ. ಸುಮಿತ್ರಾಬಾಯಿ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಮೈದುನನ ಮೇಲಿನ ಸಿಟ್ಟು ಒಂದು ಕಡೆ, ಬಾಯಿ ಮುಚ್ಚಿಕೊಂಡು ನಿಂತ ತನ್ನ ಮೇಲಿನ ಸಿಟ್ಟು ಇನ್ನೊಂದು ಕಡೆ.

ಮರುದಿನ ಬೆಳಿಗ್ಗೆ ಏನಾಯಿತು ಗೊತ್ತೇ? ಗಾಡಿ ಅದೇ ಏರಿನ ಬುಡದಲ್ಲಿ ನಿಂತಿತ್ತು. ದೌಲತರಾಯ ರೇಡಿಯೇಟರಿಗೆ ನೀರು ತುಂಬಿ, ಉಳಿದ ಹೆಣ್ಣುಮಕ್ಕಳನ್ನು ಕರೆದು, "ಹತ್ರಿ, ಹೊತ್ತಾಗಾಕತ್ತದ," ಎಂದ. ಮುಂದೆ ಹದಿನೆಂಟು ಟವೆಲು ಹಾಗೆಯೇ ಇದ್ದವು!

"ಯಾರೂ ಹತ್ತಬ್ಯಾಡ್ರಿ!" ಎಂದು ಹಿಂದಿನಿಂದ ಧ್ವನಿ ಬಂತು. ಸುಮಿತ್ರಾಬಾಯಿ ಅಫಜಲಪುರದಿಂದ ಗ್ಯಾರೇಜಿನ ಜಹೀರುದ್ದೀನ ಮಿಸ್ತ್ರಿಯನ್ನು ಕರೆದುಕೊಂಡು ಬಂದಿದ್ದಳು. "ಆ ಹುಡುಗಿ ಕೈ ಬೇಯಿಸಿ ಮಲಗಿಸಿದಿ. ಇನ್ನೂ ನಿನಗ ಟವೆಲ್ಲಿನ ಮರ್ಯಾದಿ ಬೇಕೇನು? ನಾಚಿಕಿ ಆಗೂದಿಲ್ಲೇನು ನಿನಗ? ಈ ಮಿಸ್ತ್ರಿ ಹೂಂ ಅನ್ನೋತನ ನಾವು ಒಬ್ಬರೂ ಹತ್ತಂಗಿಲ್ಲ."

ಏಳೂ ಜನ ರಸ್ತೆ ಬದಿಯಲ್ಲಿ ಕುಳಿತುಬಿಟ್ಟರು. ದೌಲತರಾಯನ ಮುಖ ಸಣ್ಣದಾಯಿತು. "ವೈನಿ, ನನಗ ದುಃಖ ಇಲ್ಲೇನ್ರಿ? ರಾತ್ರಿ ತುತ್ತು ಇಳದಿಲ್ಲ. ಆದ್ರ ಟವೆಲ್ ಏನು ಮಾಡ್ಯಾವ? ಖಾಲಿ ಗಾಡಿ ಹೊಡಿವಾಗ ಇವ ಟವೆಲ್ ಇರ್ತಾವ, ಕಾಯೂದಿಲ್ಲ. ಹೌದಿಲ್ಲ ಮಿಸ್ತ್ರಿ?"

ಜಹೀರುದ್ದೀನ ಮಿಸ್ತ್ರಿ ನಗಲಿಲ್ಲ. "ದೌಲತಣ್ಣ, ಮೂಗಿಗೆ ಬಟ್ಟಿ ಕಟಗೊಂಡು ಸುಮ್ಕ ನಡೀರಿ, ನಡೀತದ. ಅದೇ ಬಟ್ಟಿ ಕಟಗೊಂಡು ಬೆನ್ನ ಮ್ಯಾಲ ತುಂಬಿದ ಚೀಲ ಹೊತ್ತು ಈ ಏರು ಹತ್ರಿ. ಆಮ್ಯಾಲ ನನಗ ಹೇಳ್ರಿ."

"ಮಾತಿಗೇನು, ಯಾರರ ಹೇಳ್ತಾರ."

"ಹಂಗಾರ ಕಣ್ಣಿಲೇ ನೋಡ್ರಿ. ಇಂಜಿನ್ ಚಾಲೂ ಮಾಡ್ರಿ."

ಮಿಸ್ತ್ರಿ ಜೇಬಿನಿಂದ ಹಳೆಯ ಪೇಪರಿನ ಹಾಳೆ ತೆಗೆದು ಗಾಡಿಯ ಮುಂದೆ ಟವೆಲ್ಲುಗಳ ಮೇಲೆ ಹಿಡಿದು ಬಿಟ್ಟರು. ಹಾಳೆ ನೆಲಕ್ಕೆ ಬಿತ್ತು. ಮತ್ತೆ ಹಿಡಿದರು. ಮತ್ತೆ ಬಿತ್ತು.

"ನೋಡಿದ್ರೇನು? ಒಳಗಿನ ಫ್ಯಾನ್ ಮುಂದಿಂದ ಗಾಳಿ ಎಳೀಬೇಕು. ಆ ಗಾಳಿನೇ ರೇಡಿಯೇಟರಿನ ನೀರು ತಂಪು ಮಾಡೂದು. ಗಾಳಿ ಬರ್ತಿದ್ರ ಹಾಳಿ ಅಂಟಗೋಬೇಕಿತ್ತು. ಈಗ ಇಂಜಿನ್ ಬಂದ್ ಮಾಡ್ರಿ, ಬಿಚ್ರಿ."

ದೌಲತರಾಯ ಕೈ ಕಟ್ಟಿ ನಿಂತ. ಬಿಚ್ಚಿದರೆ ಕಟ್ಟಿದವರಿಗೆ ಅವಮಾನ ಮಾಡಿದಂತೆ ಎಂದು ಅವನ ಎದೆಯಲ್ಲಿ ನಿಜಕ್ಕೂ ಇತ್ತು. ಸುಮಿತ್ರಾಬಾಯಿ ಎದ್ದು ಹೋಗಿ ಮೊದಲನೆಯ ಗಂಟಿಗೆ ತಾನೇ ಕೈ ಹಾಕಿದಳು. "ಪಾಪ ಏನರ ಇದ್ರ ನನಗ ಬರಲಿ," ಎಂದಳು. ಅವಳು ಮೂರು ಬಿಚ್ಚುವಷ್ಟರಲ್ಲಿ ದೌಲತರಾಯನೂ ಬಂದು ಬಿಚ್ಚತೊಡಗಿದ.

ಟವೆಲ್ಲಿನ ಹಿಂದೆ ಇನ್ನೊಂದು ರಾದ್ಧಾಂತ ಕಾದಿತ್ತು. ರೇಡಿಯೇಟರಿನ ಸಣ್ಣ ಸಣ್ಣ ಸಂದಿಗಳಲ್ಲೆಲ್ಲ ತೊಗರಿ ಹೊಟ್ಟು, ಧೂಳು ಗಟ್ಟಿಯಾಗಿ ಕೂತಿತ್ತು. ಮಿಸ್ತ್ರಿ ಇಂಜಿನ್ನಿನ ಕಡೆಯಿಂದ ಹೊರಗಡೆಗೆ ನೀರು ಹಾಯಿಸಿ ತೊಳೆದರು. ಹೊಟ್ಟು ಹಿಡಿಗಟ್ಟಲೆ ಉದುರಿತು. ಫ್ಯಾನಿನ ಬೆಲ್ಟು ಸಡಿಲಾಗಿತ್ತು, ಬಿಗಿದರು. ಇಂಜಿನ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿ, "ಎಣ್ಣ್ಯಾಗ ನೀರು ಕೂಡಿಲ್ಲ. ನಿಮ್ಮ ಇಂಜಿನ್ ಹೆಂಗೋ ಉಳದದ," ಎಂದರು.

"ಇಂಜಿನ್ ಉಳೀತು," ಎಂದಳು ಸುಮಿತ್ರಾಬಾಯಿ. "ಆ ಹುಡುಗಿ ಕೈ?"

ಇಂಜಿನ್ ಮತ್ತೆ ಚಾಲೂ ಮಾಡಿ ಹಾಳೆ ಹಿಡಿದಾಗ ಅದು ಪಟ್ಟನೆ ಜಾಲರಿಗೆ ಅಂಟಿಕೊಂಡಿತು. ದೌಲತರಾಯ ಬೆರಳಿನಿಂದ ಅದನ್ನು ಕಿತ್ತು, ಮತ್ತೆ ಬಿಟ್ಟು ನೋಡಿದ. ಮತ್ತೆ ಅಂಟಿತು.

"ಏರಿನ್ಯಾಗ ಯಾವ ಗೇರ್ ಹಾಕ್ತೀರಿ?" ಎಂದು ಮಿಸ್ತ್ರಿ ಕೇಳಿದರು.

"ಮ್ಯಾಲಿಂದೇ. ಡೀಸೆಲ್ ಉಳೀತದಲ್ಲ."

"ಏನು ಉಳೀತದ್ರಿ? ಭಾರ ಎಳಿವಾಗ ಮ್ಯಾಲಿನ ಗೇರಿನ್ಯಾಗ ಇಂಜಿನ್ ಗೋಳಾಡ್ತದ. ಫ್ಯಾನ್ ಸಾವಕಾಶ ತಿರಗ್ತದ, ಕಾವು ಏರ್ತದ. ಏರು ಬರೂಕಿಂತ ಪೈಲೇನೇ ಸಣ್ಣ ಗೇರ್ ಹಾಕ್ರಿ, ಸಾವಕಾಶ ಹತ್ರಿ. ಆ ಹತ್ತು ಚೀಲ ಇಳಸ್ರಿ, ಎತ್ತಿನ ಬಂಡಿಯಾಗ ಬರ್ತಾವ. ಕಾವಿನ ಮುಳ್ಳು ಕೆಂಪಿನ ಕಡೆ ಹೊಂಟ್ರ, ಕುದಿಯೂತನ ಕಾಯಬ್ಯಾಡ್ರಿ. ಸಪಾಟ ಜಾಗಾದಾಗ ಬದಿಗೆ ನಿಲ್ಲಸ್ರಿ, ಬ್ರೇಕ್ ಎಳದು ಗಾಲಿಗೆ ಕಲ್ಲು ಕೊಡ್ರಿ, ಇಂಜಿನ್ ಹಂಗೇ ಖಾಲಿ ತಿರಗಲಿ. ಮುಳ್ಳು ತಾನೇ ಇಳೀತದ."

"ಹಬೆ ಬಂದ್ರ?"

"ಹಬೆ ಬಂತಂದ್ರ ಇಂಜಿನ್ ಬಂದ್. ಎಲ್ಲಾರೂ ದೂರ. ಬಾನೆಟ್ ಮುಟ್ಟಿದ್ರ ತಣ್ಣಗ ಆಗೋತನ, ಅಂದ್ರ ಅರ್ಧ ತಾಸಿಗಿಂತ ಹೆಚ್ಚೇ, ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ. ಆರದೇ ತಣ್ಣೀರು ಹೊಯ್ದ್ರ ಇಂಜಿನ್ ಸೀಳ್ತದ. ಆರಿದ ಮ್ಯಾಲೂ ದಪ್ಪ ಬಟ್ಟಿ ಹಾಕಿ, ಮಾರಿ ಆ ಕಡೆ ತಿರಿಗಿಸಿ, ಜರಾನೇ ಸಡಲಸ್ರಿ. ಬಾಜೂಕ ಯಾರೂ ನಿಂದರಬಾರದು. ನೀರು ತಂದವರಂತೂ ನಿಂದರಲೇಬಾರದು."

ದೌಲತರಾಯ ನೆಲ ನೋಡಿದ. "ನನಗ ಯಾರೂ ಹೇಳಿದ್ದಿಲ್ಲ ಮಿಸ್ತ್ರಿ."

"ನಾ ಹೇಳಿದ್ದೆ," ಎಂದಳು ಸುಮಿತ್ರಾಬಾಯಿ. "ಟವೆಲ್ ಬಿಚ್ಚು ಅಂತ ಹೇಳಿದ್ದೆ. ನೀ ರೊಟ್ಟಿ ತಟ್ಟು ಅಂದಿ."

ಅವನು ವೈನಿಯ ಕಾಲು ಮುಟ್ಟಿ ಹಣೆಗೆ ಒತ್ತಿಕೊಂಡು, ಚೀಲ ಇಳಿಸಲು ಹೋದ.

ಆ ಏರನ್ನು ಅವನು ಎರಡನೆಯ ಗೇರಿನಲ್ಲಿ, ಮದುವೆ ಮೆರವಣಿಗೆಯಷ್ಟು ಸಾವಕಾಶವಾಗಿ ಹತ್ತಿಸಿದ. ಮುಳ್ಳು ನಡುವಿನಲ್ಲೇ ಇತ್ತು. ಮೇಲೆ ಹೋದ ಮೇಲೆ ಸ್ವಲ್ಪ ಏರಿದಾಗ ಯಾರೂ ಹೇಳದೆಯೇ ಬದಿಗೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಕಾದ. ಆ ದಿನ ಯಾವ ಹೆಣ್ಣುಮಗಳೂ ಕೊಡ ಹೊರಲಿಲ್ಲ. ಹೊತ್ತು ಮುಳುಗುವ ಮೊದಲೇ ಜಗದೇವಪ್ಪನವರ ಕಣ ಮುಟ್ಟಿದರು. ರಾಶಿ ಮುಗಿದ ಮೇಲೆ ಜಗದೇವಪ್ಪ ಹೊಸ ಟವೆಲ್ ಹಿಡಿದು ಗಾಡಿಯ ಮುಂದೆ ಬಂದರು. ದೌಲತರಾಯ ಕೈ ಮುಗಿದು, "ಅಲ್ಲಿ ಬ್ಯಾಡ್ರಿ ಮಾವ, ಹಿಂದಿನ ಕಂಬಿಗೆ ಕಟ್ಟ್ರಿ," ಎಂದು ನಡೆದದ್ದೆಲ್ಲ ಹೇಳಿದ. ಹಿರಿಯರು ಸಿಟ್ಟಾಗಲಿಲ್ಲ. "ಪೈಲೇನೇ ಹೇಳಬಾರದಾ ತಮ್ಮಾ?" ಎಂದರು, ಅಷ್ಟೆ.

ಎರಡು ತಿಂಗಳ ಮೇಲೆ ಮುಮತಾಜಳ ಗಾಯ ಮಾಯಿತು. ದೌಲತರಾಯ ಅವಳ ಮನೆಯ ಹೊಸ್ತಿಲಲ್ಲಿ ನಿಂತಿದ್ದಾಗ ಅವಳು ಹಿಟ್ಟು ನಾದಲು ಕುಳಿತಳು. ಮೂರು ಬೆರಳು ಮಡಚಿದವು. ಕಿರುಬೆರಳೂ ಅದರ ಪಕ್ಕದ್ದೂ ಹಾಗೇ ನೆಟ್ಟಗೆ ನಿಂತವು. ಅವಳು ಇನ್ನೊಮ್ಮೆ ಪ್ರಯತ್ನಿಸಿ, ಕೈ ಬದಲಿಸಿ, ಎಡಗೈಯಿಂದ ತಟ್ಟತೊಡಗಿದಳು. ರೊಟ್ಟಿ ಹರಿಯಿತು. ದೌಲತರಾಯ ಗೋಡೆಗೆ ತಿರುಗಿ ಮಗುವಿನಂತೆ ಅತ್ತುಬಿಟ್ಟ.

ಅವನು ಅತ್ತರೆ ಬೆರಳು ಮಡಚುತ್ತವೆಯೇ? ಹದಿನೆಂಟು ಟವೆಲು ಬಿಚ್ಚಲು ಕಾಲು ತಾಸು ಸಾಕಾಗಿತ್ತು. ಮುಚ್ಚಳ ಆರಲು ಒಂದು ತಾಸು ಸಾಕಾಗಿತ್ತು.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಅಣ್ಣಂದಿರೇ, ರಾಶಿ ಮಷಿನ್ನೋ ನೀರಿನ ಟ್ಯಾಂಕರೋ, ಏನೇ ಎಳೆಯುವವರಿರಲಿ, ನಾಳೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ನೀರು, ಎಣ್ಣೆ ನೋಡಿ. ಆಮೇಲೆ ಇಂಜಿನ್ ಚಾಲೂ ಮಾಡಿ, ಗಾಡಿಯ ಮುಂದೆ ಒಂದು ಹಾಳೆ ಹಿಡಿದು ನೋಡಿ. ಹಾಳೆ ಬಿದ್ದರೆ ಗಾಡಿ ಹೊರಡಿಸಬೇಡಿ. ಕಟ್ಟಿದ ಟವೆಲು, ಮಾಲೆ, ತಗಡು, ಏನಿದ್ದರೂ ತೆಗೆಯಿರಿ.

ಅಕ್ಕಂದಿರೇ, ತಂಗಿಯರೇ, ನಿಮಗೆ ಒಂದೇ ಮಾತು. ಕುದಿಯುವ ಗಾಡಿಯ ಮುಚ್ಚಳಕ್ಕೆ ಯಾರೇ ಕೈ ಹಾಕಿದರೂ, ಮಾಲೀಕನಿರಲಿ, ಮೈದುನನಿರಲಿ, ಗಂಡನೇ ಇರಲಿ, ಕೂಗಿ ನಿಲ್ಲಿಸಿ. ಬೈದರೆ ಬೈಸಿಕೊಳ್ಳಿ. ಸುಮಿತ್ರಾಬಾಯಿ ಆ ದಿನ ಮಾತು ನುಂಗಿಕೊಂಡಿದ್ದಳು. ಮುಮತಾಜಳ ಕೈ ಕಂಡಾಗಲೆಲ್ಲ ಅದು ಇಂದಿಗೂ ಅವಳ ಗಂಟಲಲ್ಲಿ ಕುಳಿತಿದೆ.