ನೀಲಿ ಹಾಕಿ ಒಗೆದ ಅಂಗಿ

“ಚಂದ್ರಾಮ, ಸ್ವಲ್ಪ ಈ ಕಡೆ ಬಂದು ನಿಂತ್ಕೊಳಪ್ಪ” ಎಂದುಬಿಟ್ಟ ಸತ್ಯಮೂರ್ತಿ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಬ್ಯಾಟರಿ ಸಿಕ್ಕಿಸಿ, ಮುಚ್ಚಳ ತೆಗೆದ ಮೇಲೆ ಅವನ ಬಾಯಿಂದ ತಾನಾಗಿ ಹೊರಡುತ್ತಿದ್ದ ಮಾತದು. ವರ್ಷಗಳ ರೂಢಿ. ಮುಂಬಯಿಯ ಘಾಟ್ಕೋಪರಿನ ಆ ಚಾಳಿನ ಮುಂದೆ ನೆರೆದಿದ್ದವರೆಲ್ಲ ತಿರುಗಿ ನೋಡಿದರು. ಅವನು ಕರೆದ ಚಂದ್ರಾಮ ಒಳಗೆ, ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕೊರಳ ತುಂಬ ಹಾರ ಹಾಕಿಸಿಕೊಂಡು ಕೂತಿದ್ದ. ಲಿಂಗವಂತರ ಪದ್ಧತಿಯಂತೆ ಅವನನ್ನು ಕೂರಿಸಿಯೇ ಮಣ್ಣಿಗೆ ಒಯ್ಯುವವರಿದ್ದರು. ಬದುಕಿದ್ದಾಗ ಕನ್ನಡ ಸಂಘದಲ್ಲಿ ಬೇರೆಯವರಿಗೆ ಕುರ್ಚಿ ಹಾಕಿದ್ದೇ ಬಂತು; ಎಲ್ಲರೆದುರು ತಾನು ಕೂತದ್ದು ಇವತ್ತೇ.

ಸತ್ಯಮೂರ್ತಿಗೆ ತಲೆ ಎತ್ತಲಾಗಲಿಲ್ಲ. ಮಾಟುಂಗದ ಸಂಘದ ಕಾರ್ಯದರ್ಶಿಗಳು ಬೆಳಿಗ್ಗೆ ಫೋನು ಮಾಡಿ ಸುದ್ದಿ ತಿಳಿಸಿದ್ದರು. ಚಂದ್ರಾಮನ ಒಬ್ಬಳೇ ಮಗಳು ನೀಲಾ ಮಸ್ಕತ್ತಿನಲ್ಲಿದ್ದಾಳೆ, ತುಂಬು ಬಸುರಿ, ವಿಮಾನ ಹತ್ತುವ ಹಾಗಿಲ್ಲ. ಅಪ್ಪನ ಕೊನೆಯ ದರ್ಶನವನ್ನಾದರೂ ಕ್ಯಾಸೆಟ್ಟಿನಲ್ಲಿ ಕಳಿಸೋಣ ಎಂದಿದ್ದರು. ಸತ್ಯಮೂರ್ತಿ ಬ್ಯಾಂಕಿಗೆ ರಜೆ ಹಾಕಿ ಲೋಕಲ್ ರೈಲು ಹಿಡಿದು ಬಂದಿದ್ದ.

*

ಸತ್ಯಮೂರ್ತಿ ಸಂಘದ ಕಾರ್ಯಕ್ರಮಗಳನ್ನು ಹಿಡಿಯುತ್ತಿದ್ದ ಆ ವಿಡಿಯೋ ಕ್ಯಾಮೆರಾವನ್ನು ಅವನ ಭಾವ ದುಬೈಯಿಂದ ತಂದುಕೊಟ್ಟಿದ್ದರು. ಬಲು ಹಟದ ವಸ್ತು. ಶುರು ಮಾಡುವ ಮುನ್ನ ಅದಕ್ಕೆ ಬಿಳಿ ಯಾವುದೆಂದು ತೋರಿಸಿ ಗುಂಡಿ ಒತ್ತಬೇಕು. ಮರೆತರೆ ಟ್ಯೂಬ್‌ಲೈಟಿನ ಕೆಳಗೆ ಅಧ್ಯಕ್ಷರ ಮುಖ ಹಾಗಲಕಾಯಿಯಂತೆ ಹಸಿರಾಗುತ್ತಿತ್ತು. ಸಂಘದ ಹಾಲಿನಲ್ಲಿ ಅಚ್ಚ ಬಿಳಿ ಎಂದರೆ ಚಂದ್ರಾಮನ ಅಂಗಿ. ಮುಷ್ಕರದಲ್ಲಿ ಗಿರಣಿಯ ಕೆಲಸ ಕಳೆದುಕೊಂಡು ಸಂಘದ ಕುರ್ಚಿ, ಜಮಖಾನೆ ನೋಡಿಕೊಳ್ಳಲು ಸೇರಿದ್ದ ಅವನು, ಕಾರ್ಯಕ್ರಮದ ದಿನ ಹೆಂಡತಿ ರುದ್ರವ್ವ ನೀಲಿ ಹಾಕಿ ಒಗೆದ ಅಂಗಿಯನ್ನೇ ತೊಟ್ಟು ಬರುತ್ತಿದ್ದ.

ಕರೆದರೆ ಸಾಕು, ಕೈ ಒರೆಸಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು, ನಗುಮುಖ ಮಾಡಿ ನಿಲ್ಲುತ್ತಿದ್ದ. ಆ ನಗು ಕ್ಯಾಮೆರಾಕ್ಕೆ ಬೇಕಿರಲಿಲ್ಲ. ಸತ್ಯಮೂರ್ತಿ ಅವನ ಎದೆಯನ್ನಷ್ಟೇ ಲೆನ್ಸಿನಲ್ಲಿ ಹತ್ತಿರಕ್ಕೆ ಎಳೆದುಕೊಂಡು, ಕಣ್ಣಿಟ್ಟು ನೋಡುವ ಕಿಂಡಿಯ ತುಂಬ ಬಿಳಿಯಾದ ಮೇಲೆ ಗುಂಡಿ ಒತ್ತುತ್ತಿದ್ದ. ಟೇಪು ಸರಿಯಾಗಿ ಓಡುತ್ತಿದೆಯೇ ಎಂದು ಅಷ್ಟನ್ನೇ ಹಿಡಿದು ನೋಡಿ, ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ದೀಪ ಬೆಳಗುವುದನ್ನು ತೆಗೆಯುತ್ತಿದ್ದ. ಕ್ಯಾಸೆಟ್ಟು ದುಬಾರಿ; ಒಂದು ಅಂಗಿಗಾಗಿ ಯಾರು ಹಾಳುಮಾಡುತ್ತಾರೆ?

ಒಮ್ಮೆ ಚಂದ್ರಾಮ ಸಂಕೋಚದಿಂದಲೇ ಕೇಳಿದ್ದ. “ಸಾಹೇಬ್ರ, ಇದ್ರಾಗ ನಾನೂ ಬರ್ತೀನೇನ್ರಿ?”

“ಎಲ್ಲರಿಗಿಂತ ಮೊದಲು ನಿನ್ನನ್ನೇ ಅಲ್ವೇನಯ್ಯ ಹಿಡಿಯೋದು?”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹೇಳಿದ್ದು ಸುಳ್ಳೇನಲ್ಲವಲ್ಲ ಎಂದು ಸತ್ಯಮೂರ್ತಿ ಒಳಗೊಳಗೇ ನಕ್ಕಿದ್ದ. ಚಂದ್ರಾಮನ ಮನೆಯಲ್ಲಿ ಟೀವಿಯಿಲ್ಲ, ವಿಸಿಆರ್ ಅಂತೂ ದೂರದ ಮಾತು. ಅವನೇನು ನೋಡಿ ಕೇಳುವವನೇ? ಅಂದಿನಿಂದ ಅವನ ಅಂಗಿ ಮತ್ತಷ್ಟು ಬೆಳ್ಳಗಾಯಿತು.

*

ಕ್ಯಾಮೆರಾ ಬಾಗಿಲಿಗೆ ಮುಖಮಾಡಿ ನಿಂತಿರುವುದನ್ನು ಕಂಡು ರುದ್ರವ್ವ ಹೊರಗೆ ಬಂದಳು. ಅತ್ತು ಅತ್ತು ಅವಳ ದನಿ ಕಟ್ಟಿತ್ತು.

“ಇದನ್ನ ಹಿಡೀಬ್ಯಾಡ್ರಿ ಸಾಹೇಬ್ರ. ನೀಲಾ ಫೋನಿನ್ಯಾಗ ಹೇಳ್ಯಾಳ, ಹಿಂಗ ಕುಂದರಿಸಿದ ಅಪ್ಪ ಬ್ಯಾಡ, ನಗೂ ಅಪ್ಪನ್ನ ಕಳಸ್ರಿ ಅಂತ. ನಿಮ್ಮ ಎಲ್ಲಾ ಕ್ಯಾಸೆಟ್ನ್ಯಾಗ ಮೊದಲ ಅವರ ಅದಾರಂತಲ್ಲ, ಅಕಿಗೂ ಹೇಳಿಕೋತ ಇದ್ರು. ಅದ್ರಾಗಿಂದ ಒಂದ ಕೊಡ್ರಿ, ಸಾಕು.”

ಪಕ್ಕದ ಖೋಲಿಯ ಸದಾನಂದನ ತಮ್ಮ ಇವತ್ತೇ ಮಸ್ಕತ್ತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುವುದು ಎಂದೂ ಹೇಳಿದಳು.

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಸತ್ಯಮೂರ್ತಿಗೆ. ಅಷ್ಟು ಕ್ಯಾಸೆಟ್ಟುಗಳಲ್ಲಿ ಒಂದರಲ್ಲೂ ಆ ಮುಖವಿಲ್ಲ. ಇಲ್ಲ ಎನ್ನುವ ಬದಲು ಕ್ಯಾಮೆರಾಕ್ಕೆ ಕೈಹಾಕಿದ. ಕ್ಯಾಮೆರಾದಲ್ಲಿ ಇದ್ದದ್ದು ಹೋದ ತಿಂಗಳ ಕಾರ್ಯಕ್ರಮದ ಕ್ಯಾಸೆಟ್ಟು. ಕೊನೆಯಲ್ಲಿ ಜಾಗ ಉಳಿದಿದೆ, ಚಂದ್ರಾಮನಿಗೆ ಅಷ್ಟು ಸಾಕು ಎಂದು ಹೊಸದನ್ನು ಕೊಳ್ಳದೆಯೇ ಬಂದಿದ್ದ. ಟೇಪನ್ನು ಮೊದಲಿಗೆ ಸುತ್ತಿ ಕಿಂಡಿಗೆ ಕಣ್ಣಿಟ್ಟ. ಆ ದಿನ ಪೂರ್ತಿ ಹಿಂದಕ್ಕೆ ಸುತ್ತಿರಲಿಲ್ಲವೆಂದು ಕಾಣುತ್ತದೆ, ಮೊದಲಲ್ಲಿ ಚೂರು ಬಿಳಿ ಉಳಿದುಕೊಂಡಿತ್ತು. ಮತ್ತೆ ಸುತ್ತಿ, ಸರಿದು ನಿಂತು ಅವಳಿಗೆ ಕಿಂಡಿ ತೋರಿಸಿದ.

ರುದ್ರವ್ವ ಬಗ್ಗಿ, ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ನೋಡಿದಳು.

“ಇದು ನಾ ಒಗದ ಅಂಗಿ” ಎಂದಳು. ಮರುಕ್ಷಣವೇ ಅವಳ ದನಿ ಸಣ್ಣದಾಯಿತು. “ಉಸರಾಡಾಕತ್ತಾರ್ರಿ.”

ಒಳಗೆ ನಾಲ್ವರು ಕುರ್ಚಿಗೆ ಕೈಹಾಕಿದ್ದರು. ಹೊತ್ತಾಯಿತೆಂದು ಯಾರೋ ಅವಳನ್ನು ಕರೆದರು. ಅವಳು ಕಣ್ಣು ತೆಗೆಯದೆ ತಡೆಯಿರೆಂದು ಕೈಯಾಡಿಸಿದಳು. ಕಿಂಡಿಯಲ್ಲಿ ಈಗ ಅಧ್ಯಕ್ಷರು ದೀಪ ಹಚ್ಚುತ್ತಿರಬೇಕು; ಆಮೇಲೆ ಹಾರ, ಸ್ವಾಗತ, ತಾಸುಗಟ್ಟಲೆ ಭಾಷಣ. ಸತ್ಯಮೂರ್ತಿಗೆ ಅದು ಬಾಯಿಪಾಠವಾಗಿತ್ತು.

“ಮಾರಿ ಯಾವಾಗ ಬರ್ತದ್ರಿ?” ಎಂದು ಕೇಳಿದಳು ರುದ್ರವ್ವ.

ಕುರ್ಚಿ ಹೊಸ್ತಿಲು ದಾಟಿತು. ಹೊರಗಿನ ಬಿಸಿಲು ಚಂದ್ರಾಮನ ಮುಖದ ಮೇಲೆ ಪೂರಾ ಬಿತ್ತು. ಅವನು ಕ್ಯಾಮೆರಾದ ಎದುರಿಗೆ, ಇನ್ನೇನು ಕೈಗೆಟಕುವಷ್ಟು ಹತ್ತಿರ ಬಂದ. ಅದರ ಹಿಂದೆ ರುದ್ರವ್ವ ಕಿಂಡಿಗೆ ಕಣ್ಣು ಒತ್ತಿಕೊಂಡು, ಅವನ ಮುಖಕ್ಕಾಗಿ ಕಾಯುತ್ತ ನಿಂತೇ ಇದ್ದಳು.