ನೆಟ್ ಇಲ್ಲದ ರಿಂಗು

"ಸ್ಕೋರ್ ಮಾತ್ರ ಹೇಳ್ಬೇಡ," ಎಂದು ನೆವಿಲ್ ಕೈ ಅಡ್ಡ ಹಿಡಿದ.

ಲಿಫ್ಟಿನ ಬಾಗಿಲು ಆಗಷ್ಟೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ನಿಂತಿದ್ದ ಸಫೀರ್ ತೆರೆದ ಬಾಯಿಯನ್ನು ಹಾಗೆಯೇ ಬಿಟ್ಟು ಅವನನ್ನು ನೋಡಿದ. ಭಟ್ಕಳದವನು, ಆಫೀಸಿನಲ್ಲಿ ಇವನ ಪಕ್ಕದ ಮೇಜು.

"ಯಾವ ಸ್ಕೋರ್ ಮಾರಾಯ? ನಿನ್ನ ಎಕ್ಸ್‌ರೇ ಎಂತ ಆಯ್ತು ಅಂತ ಕೇಳ್ಲಿಕ್ಕೆ ಹೊರಟದ್ದು ನಾನು."

"ಅದು ಬರ್ಲಿಲ್ಲ ಇನ್ನೂ."

"ಮೆಸೇಜ್ ಬರ್ತದಲ್ಲ? ಫೋನ್ ನೋಡಿದ್ಯಾ?"

"ಫೋನ್ ಆಫ್ ಉಂಟು. ಮ್ಯಾಚು."

ಸಫೀರ್‌ಗೆ ರಮದಾನಿನ ಉಪವಾಸ. ಮಾತಿಗೆ ಎಂಜಲು ಖರ್ಚು ಮಾಡುವ ಹೊತ್ತಲ್ಲ ಅದು. ತಲೆ ಅಲ್ಲಾಡಿಸಿ ಲಿಫ್ಟಿನ ಅಂಕಿಗಳನ್ನು ನೋಡುತ್ತ ನಿಂತ.

ಗಲ್ಫಿನ ಈ ಶಹರದ ಟೂರಿಸ್ಟ್ ಕ್ಲಬ್ ಏರಿಯಾದ ಆಫೀಸಿನಲ್ಲಿ ಮಾರ್ಚ್ ಬಂತೆಂದರೆ ನೆವಿಲ್‌ಗೆ ಹುಚ್ಚು ಹಿಡಿಯುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಅಮೆರಿಕದ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಟೂರ್ನಮೆಂಟು. ಅರವತ್ತಕ್ಕೂ ಹೆಚ್ಚು ತಂಡಗಳು. ಒಂದು ಸಲ ಸೋತರೆ ಅಲ್ಲಿಗೆ ಮುಗಿಯಿತು, ಗಂಟುಮೂಟೆ ಕಟ್ಟಿ ಮನೆಗೆ. ಅವರ ರಾತ್ರಿಯ ಆಟ ಇಲ್ಲಿಯ ನಸುಕಿಗೆ ಬೀಳುತ್ತದೆ. ನೆವಿಲ್ ಅದನ್ನು ರೆಕಾರ್ಡಿಗೆ ಹಾಕಿ ಮಲಗಿ, ಆಫೀಸಿನಿಂದ ಮರಳಿದ ಮೇಲೆ ನೋಡುವನು. ಅಲ್ಲಿಯವರೆಗೆ ಟಿವಿ, ಪೇಪರು, ಫೋನು ಯಾವುದೂ ಮುಟ್ಟುವಂತಿಲ್ಲ. ಅವನ ಉಪವಾಸ ನಮ್ಮದಕ್ಕಿಂತ ಕಠಿಣ ಎಂದು ಸಫೀರ್ ತಮಾಷೆ ಮಾಡುವುದಿತ್ತು.

ಈ ಹುಚ್ಚು ಅಂಟಿಸಿದವನು ಹಿಂದೊಮ್ಮೆ ಇಲ್ಲಿದ್ದ ಅಮೆರಿಕನ್ ಮ್ಯಾನೇಜರ್. ಯಾರು ಗೆಲ್ಲುತ್ತಾರೆಂದು ಊಹಿಸಿ ತುಂಬಲು ಎಲ್ಲರಿಗೂ ಒಂದು ಚಾರ್ಟು ಹಂಚಿದ್ದ. ಆ ತಂಡಗಳ ತಲೆಬುಡ ತಿಳಿಯದ ನೆವಿಲ್, ಕಥೊಲಿಕನ ಧರ್ಮ ಪಾಲಿಸಿ, ಸಂತರ ಹೆಸರಿದ್ದ ಕಾಲೇಜುಗಳಿಗೆಲ್ಲ ಗುರುತು ಹಾಕಿದ. ಆ ವರ್ಷ ಸೇಂಟ್ ಬ್ರೆಂಡನ್ಸ್ ಎಂಬ, ಯಾವುದೋ ಹಿಮದ ಊರಿನ ಪುಟ್ಟ ಕಾಲೇಜು ದೊಡ್ಡ ದೊಡ್ಡವರನ್ನು ಮಣಿಸಿಬಿಟ್ಟಿತು. ಮ್ಯಾನೇಜರ್ ಎಲ್ಲರೆದುರು ಹೆಸರು ಕೂಗಿ ನೆವಿಲ್‌ನನ್ನು ಅಪ್ಪಿಕೊಂಡ. ಆ ಆಫೀಸಿನಲ್ಲಿ ಅವನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು.

ಮ್ಯಾನೇಜರ್ ಬೇರೆ ದೇಶಕ್ಕೆ ಹೋದ. ಚಾರ್ಟು ನಿಂತಿತು. ನೆವಿಲ್ ನಿಲ್ಲಿಸಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದ್ದ ಅವನ ಕೆಲಸ, ಬೇರೆಯವರು ಬರೆದ ನಕ್ಷೆಗಳಿಗೆ ನಂಬರು ಹಾಕಿ ಇಡುವುದು. ಅವನ ಬಗ್ಗೆ ಜನರಿಗೆ ಗೊತ್ತಿರುವುದು ಬಾಸ್ಕೆಟ್‌ಬಾಲ್ ಒಂದೇ. ಅದನ್ನೂ ಬಿಟ್ಟರೆ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಈ ವರ್ಷ ಸೇಂಟ್ ಬ್ರೆಂಡನ್ಸ್ ಮತ್ತೆ ಬಂದಿತ್ತು. ಅವರ ಮೊದಲ ಆಟ ಇಂದು ನಸುಕಿನಲ್ಲಿ ಮುಗಿದಿತ್ತು. ಅದೇ ದಿನ ಎಕ್ಸ್‌ರೇಯ ಫಲಿತಾಂಶವೂ ಬರುವುದಿತ್ತು.

ವೀಸಾ ನವೀಕರಣಕ್ಕೆ ಎರಡು ವರ್ಷಕ್ಕೊಮ್ಮೆ ರಕ್ತ ಕೊಡಬೇಕು, ಎದೆಯ ಚಿತ್ರ ತೆಗೆಸಬೇಕು. ನೆವಿಲ್‌ಗೆ ಚಿಕ್ಕಂದಿನಲ್ಲಿ ಪ್ರೈಮರಿ ಕಾಂಪ್ಲೆಕ್ಸ್ ಆಗಿತ್ತು. ಕ್ಷಯ ಎಂಬ ಮಾತನ್ನು ಅವನ ತಾಯಿ ಮನೆಯಲ್ಲಿ ಯಾರ ಬಾಯಿಂದಲೂ ಬರಲು ಬಿಟ್ಟಿರಲಿಲ್ಲ. ವರ್ಷವಿಡೀ ಕುಡಿದ ಕೆಂಪು ಔಷಧಿ ರೋಗವನ್ನು ಓಡಿಸಿತು. ಬಲ ಶ್ವಾಸಕೋಶದ ತುದಿಯಲ್ಲಿ ತೊಗರಿಬೇಳೆಯಷ್ಟು ಕಲೆ ಮಾತ್ರ ಉಳಿಯಿತು. ಇಷ್ಟು ವರ್ಷ ಆ ಕಲೆಗೆ ಯಾರೂ ತಕರಾರು ಮಾಡಿರಲಿಲ್ಲ. ಈ ಸಲ ಮತ್ತೆ ಬರಲು ಹೇಳಿದರು. ಇನ್ನೊಂದು ಎಕ್ಸ್‌ರೇ ಆಯಿತು, ಕಫ ಕೊಟ್ಟದ್ದೂ ಆಯಿತು.

ಅನ್‌ಫಿಟ್ ಎಂದರೆ ಮುಂದೇನು ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಕಥೆ. ಒಬ್ಬರ ಭಾವ ಇಲ್ಲಿಯೇ ಮದ್ದು ಮಾಡಿಸಿಕೊಂಡು ಗುಂಡುಕಲ್ಲಿನ ಹಾಗೆ ಇದ್ದಾನಂತೆ. ಇನ್ನೊಬ್ಬರ ನೆರೆಮನೆಯವನು ಮರುವಾರವೇ ವಿಮಾನ ಹತ್ತಿದನಂತೆ. ಹೆಂಡತಿ ಲೂರ್ದ್, ಮಗಳು ಅಲಿಶಾ ಇಬ್ಬರ ವೀಸಾ ಅವನ ವೀಸಾಕ್ಕೆ ಜೋತುಬಿದ್ದಿತ್ತು. ಅಲಿಶಾಳ ಹನ್ನೆರಡನೆಯ ತರಗತಿಯ ಪರೀಕ್ಷೆ ಇನ್ನೂ ಅರ್ಧದಲ್ಲಿತ್ತು.

ಬೆಳಿಗ್ಗೆ ಅವನು ಫೋನ್ ಆಫ್ ಮಾಡಿದ್ದನ್ನು ಲೂರ್ದ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಳು. ಮನೆಯಲ್ಲಿ ಅವರದು ಕೊಂಕಣಿ. ಜಗಳ ಬಂದಾಗ ಅದೂ ಎರಡೆರಡೇ ಮಾತು.

"ಇವತ್ತೂ ಆಫ್ ಮಾಡ್ಬೇಕಾ?"

"ಸಂಜೆವರೆಗೆ ಅಷ್ಟೆ."

"ಮೆಸೇಜ್ ಬಂದ್ರೆ?"

"ಆಫೀಸಿನ ಇಲ್ಯಾಸ್‌ನ ಫೋನಿಗೂ ಬರ್ತದೆ."

"ನಿನಗೆ ಹೆದರಿಕೆ ಯಾವುದರದ್ದು ನೆವಿಲ್? ಮ್ಯಾಚಿದ್ದಾ?"

ನೆವಿಲ್ ಬಗ್ಗಿ ಶೂ ಲೇಸ್ ಕಟ್ಟಿದ. ಕಟ್ಟಿಯಾಗಿದ್ದ ಲೇಸನ್ನೇ ಬಿಚ್ಚಿ ಮತ್ತೊಮ್ಮೆ ಕಟ್ಟಿದ.

ಅವಳ ಗುಮಾನಿ ಸುಳ್ಳಲ್ಲ. ಇಷ್ಟು ಮಾರ್ಚ್‌ಗಳಿಂದ ಅವನು ಕಲಿತದ್ದು ಅದನ್ನೇ: ನೋಡದ ಫಲಿತಾಂಶ ಇನ್ನೂ ಆಗಿಯೇ ಇಲ್ಲ. ಆಟಗಾರರು ಆಡಿ, ಮಿಂದು, ಉಂಡು ಮಲಗಿದ್ದರೂ ಸಂಜೆಯವರೆಗೆ ಸೇಂಟ್ ಬ್ರೆಂಡನ್ಸ್ ಗೆದ್ದೂ ಇಲ್ಲ, ಸೋತೂ ಇಲ್ಲ. ಶ್ವಾಸಕೋಶಕ್ಕೂ ಅದೇ ನಿಯಮ.

ಆದರೆ ಅವಳಿಗೆ ತಿಳಿಯದ್ದೂ ಒಂದಿತ್ತು. ಎರಡನೆಯ ಸಲ ಕರೆ ಬಂದ ದಿನದಿಂದ ನೆವಿಲ್ ಮನಸ್ಸಿನಲ್ಲಿಯೇ ಸಾಮಾನು ಕಟ್ಟುತ್ತಿದ್ದ. ಸೋಫಾ ಸಫೀರ್‌ಗೆ. ಅಕ್ವೇರಿಯಮ್ಮು ಮೇಲಿನ ಮನೆಯವರಿಗೆ. ಹೆದರಿಕೆ ಇತ್ತು, ನಿಜ. ಜೊತೆಗೆ ಒಂದೊಂದೇ ಸಾಮಾನು ಮನಸ್ಸಿನಿಂದ ಇಳಿದಂತೆ ಹಗುರವೂ ಆಗುತ್ತಿತ್ತು. ಹಗುರವಾಗುತ್ತದಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಟೂರ್ನಮೆಂಟಿನಲ್ಲಿ ಅವನು ಗೆದ್ದವರನ್ನು ನೋಡುವವನೇ ಅಲ್ಲ. ಈ ಗುಟ್ಟು ಯಾರಿಗೂ ಗೊತ್ತಿಲ್ಲ. ಆಟ ಮುಗಿದ ಮೇಲೆ ಸೋತವರ ಬೆಂಚನ್ನು ತೋರಿಸುತ್ತಾರಲ್ಲ, ಟವೆಲನ್ನು ತಲೆ ಮೇಲೆ ಎಳೆದುಕೊಂಡು ಕುಳಿತ ಹುಡುಗರು, ಅದನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುವನು. ಮಂಗಳೂರಿನ ಕಾಲೇಜು ತಂಡದಲ್ಲಿ ಅವನೂ ಮೂರು ವರ್ಷ ಬೆಂಚಿನ ಮೇಲೆ ಕುಳಿತವನು. ಕೋಚ್ ಬೆಂಚಿನುದ್ದಕ್ಕೂ ಕಣ್ಣು ಹಾಯಿಸುವಾಗ ಆ ಕಣ್ಣು ಇವನಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಗೆದ್ದ ದಿನ ಇನ್ನೊಂದು ಆಟ, ಇನ್ನೊಂದು ಬೆಂಚು. ಸೋತ ದಿನ ಎಲ್ಲರಿಗೂ ಒಂದೇ ಬಸ್ಸು, ಮನೆ. ಆ ಬಸ್ಸಿನಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಆಫೀಸಿನಲ್ಲಿ ರಿಸೆಪ್ಶನಿಸ್ಟ್ ಜೂಡಿತ್ ಮೂರು ಸಲ ಅವನ ಮೇಜಿಗೆ ಬಂದಳು.

"ಲೂರ್ದ್ ಲೈನಲ್ಲಿದ್ದಾಳೆ."

"ಮೀಟಿಂಗ್‌ನಲ್ಲಿದ್ದೇನೆ ಅನ್ನು."

"ನಿನಗೆ ಯಾವ ಮೀಟಿಂಗು?" ಎಂದು ಮೂರನೆಯ ಸಲ ಅವಳು ಕೇಳಿಯೇಬಿಟ್ಟಳು. ನೆವಿಲ್ ಒಂದು ನಕ್ಷೆಗೆ ನಂಬರು ಹಾಕಿದ.

ಎರಡು ಗಂಟೆಗೆ, ರಮದಾನಿನ ಆಫೀಸು ಇನ್ನೇನು ಮುಗಿಯಬೇಕು ಎನ್ನುವಾಗ, ಇಲ್ಯಾಸ್ ಬಂದ. ಕಂಪೆನಿಯ ಪಿಆರ್‌ಓ, ಉಪ್ಪಳದವನು. ಎಲ್ಲರ ವೀಸಾ, ಎಲ್ಲರ ಹಣೆಬರಹ ಅವನ ಕಂಕುಳಿನ ಚೀಲದಲ್ಲಿ. ಅವನ ಮುಖ ನೋಡಿ ಏನನ್ನೂ ಓದಲು ಬರುವುದಿಲ್ಲ. ಅವನು ನೇರ ತನ್ನ ಮೇಜಿನತ್ತ ಬರುವುದನ್ನು ಕಂಡು ನೆವಿಲ್ ಎದ್ದು ನಿಂತ. ಸುತ್ತಲಿನ ಕೀಬೋರ್ಡುಗಳ ಸದ್ದು ನಿಂತಿತು.

"ಎಂತ ನೆವಿಲಣ್ಣ, ಸ್ವಿಚ್ ಆಫ್? ಎಷ್ಟು ಸಲ ಮಾಡ್ಲಿ ನಾನು?"

"ಮ್ಯಾಚು..."

"ಬೆಂಕಿ ಬೀಳ್ಲಿ ನಿಮ್ಮ ಮ್ಯಾಚಿಗೆ. ಫಿಟ್ ಮಾರಾಯ್ರೆ, ಫಿಟ್! ಬೆಳಿಗ್ಗೆಯೇ ಬಂದಿದೆ. ಖಲಾಸ್."

ನೆವಿಲ್ ಮೇಜು ಹಿಡಿದುಕೊಂಡ. ಸಫೀರ್ ಬಂದು ಬೆನ್ನಿಗೆ ಗುದ್ದಿದ, ಜೂಡಿತ್ ಕಣ್ಣೊರೆಸಿಕೊಂಡಳು. ಎದೆಯ ಮೇಲಿಟ್ಟ ಕಲ್ಲು ಜಾರಿ ಬಿದ್ದಂತಾಯಿತು. ಎಷ್ಟೋ ದಿನಗಳ ಮೇಲೆ ಉಸಿರು ಬಲ ಶ್ವಾಸಕೋಶದ ತುದಿಯವರೆಗೂ ಹೋಗಿ ಬಂತು. ಇನ್ನು ಅಲಿಶಾ ಪರೀಕ್ಷೆ ಬರೆಯಬಹುದು. ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಷ್ಯ ಎನ್ನುತ್ತಾರೆ. ಇಲ್ಲಿ ಎರಡು ವರ್ಷ, ಆದರೂ ಆಯುಷ್ಯವೇ. ಅವನು ನಕ್ಕ. ಎಲ್ಲರೂ ನಕ್ಕರು.

ಬಾತ್‌ರೂಮಿಗೆ ಹೋಗಿ ಮುಖ ತೊಳೆಯುವಾಗ, ಬೆಳಗ್ಗಿನಿಂದಲೂ ತಾನು ಫಿಟ್ ಆಗಿಯೇ ಇದ್ದೆ ಎಂಬುದು ಹೊಳೆಯಿತು. ಅಷ್ಟು ಹೊತ್ತು ತನಗೇ ತಿಳಿದಿರಲಿಲ್ಲ. ಮನಸ್ಸಿನಲ್ಲಿ ಕಟ್ಟಿಟ್ಟ ಸಾಮಾನನ್ನು ಯಾರೋ ಒಂದೊಂದಾಗಿ ಬಿಚ್ಚಿ ಹಿಂದಿನ ಜಾಗದಲ್ಲಿಯೇ ಇಡುತ್ತಿದ್ದರು. ಸೋಫಾ ಗೋಡೆಗೆ ಒರಗಿತು. ಅಕ್ವೇರಿಯಮ್ಮು ಮೂಲೆ ಸೇರಿತು.

ಜೂಡಿತ್‌ಳ ಮೇಜಿನಿಂದ ಮನೆಗೆ ಫೋನ್ ಮಾಡಿದ.

"ಲೂರ್ದ್, ಫಿಟ್."

"ಗೊತ್ತುಂಟು. ಇಲ್ಯಾಸ್ ಬೆಳಿಗ್ಗೆಯೇ ಹೇಳಿದ. ನಿನಗೆ ಹೇಳ್ಲಿಕ್ಕೆ ಮೂರು ಸಲ ಫೋನ್ ಮಾಡಿದೆ."

"ಕೋಪವಾ?"

"ಇಲ್ಲ. ಅತ್ತಾಯ್ತು. ಬರುವಾಗ ಮೊಸರು ತಾ."

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವನ ಫ್ಲ್ಯಾಟಿನ ಎದುರಿಗೆ ಒಂದು ಸಣ್ಣ ಬಾಸ್ಕೆಟ್‌ಬಾಲ್ ಅಂಕಣವಿದೆ. ಅದರ ರಿಂಗಿಗೆ ನೆಟ್ ಇಲ್ಲ. ಬಿಸಿಲಿಗೆ ಹರಿದು ಹೋಗಿ ಎಷ್ಟು ಕಾಲವಾಯಿತೋ. ಕಳೆದ ಸಲ ವೀಸಾ ಆದಾಗ ನೆವಿಲ್ ದುಬೈಗೆ ಹೋಗಿದ್ದವನು ಅಲ್ಲಿಯ ನೈಫ್ ಪೇಟೆಯ ಅಂಗಡಿಯೊಂದರಲ್ಲಿ ಹೊಸ ನೆಟ್ ಕೊಂಡು ತಂದಿದ್ದ. ಅದು ಕಾರಿನ ಡಿಕ್ಕಿಯಲ್ಲಿಯೇ ಉಳಿಯಿತು. ಇಂದಲ್ಲ ನಾಳೆ ಹೋಗುವವರು, ನೆಟ್ ಹಾಕಿ ಏನಾಗಬೇಕು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಹೆಚ್ಚಿನ ದಿನ ಏನೂ ಅನಿಸುತ್ತಿರಲಿಲ್ಲ. ಇಂದು ಕಾರು ನಿಲ್ಲಿಸುವಾಗ ರಿಂಗು ಕಣ್ಣಿಗೆ ಬಿತ್ತು. ಮೊಸರು ಹಿಡಿದು ಮೇಲೆ ಹೋದ.

ಅಲಿಶಾ ಪುಸ್ತಕದಿಂದ ತಲೆ ಎತ್ತಿದಳು. "ಡ್ಯಾಡಿ, ಸೋ ವಿ ಆರ್ ಸ್ಟೇಯಿಂಗ್, ರೈಟ್?"

"ಹೂಂ."

"ಕೂಲ್," ಎಂದಳು. ಬಳಿಕ ಎದ್ದು ಬಂದು ಅವನ ಭುಜಕ್ಕೆ ಹಣೆಯೊತ್ತಿ ಒಂದು ಕ್ಷಣ ನಿಂತಳು. ಅವಳ ಕೂದಲಿಗೆ ಶ್ಯಾಂಪೂವಿನ ವಾಸನೆ ಇತ್ತು.

ಟಿವಿ ಹಾಕಿದಾಗ ಎಂದೂ ಆಟ ನೋಡದ ಲೂರ್ದ್ ಬಂದು ಪಕ್ಕದಲ್ಲಿ ಕುಳಿತಳು. ಅಲಿಶಾಳೂ ಬಂದಳು.

"ನಮ್ಮವರು ಯಾರು?" ಲೂರ್ದ್ ಕೇಳಿದಳು.

"ನೀಲಿ."

ನೀಲಿಯವರು ಹಿಂದೆ ಬಿದ್ದರು, ಸಮ ಮಾಡಿದರು, ಮತ್ತೆ ಹಿಂದೆ ಬಿದ್ದರು. ಲೂರ್ದ್ ಚೆಂಡು ಮೇಲೆ ಹೋದಾಗಲೆಲ್ಲ "ಜೇಸುವೇ" ಎನ್ನುತ್ತಿದ್ದಳು. ಕೊನೆಯ ಗಳಿಗೆಗೆ ನೀಲಿಯವರು ಒಂದು ಅಂಕ ಹಿಂದಿದ್ದರು. ನೆವಿಲ್‌ನ ಎರಡೂ ಮುಷ್ಟಿ ಬಿಗಿದಿತ್ತು. ಹೆಂಡತಿ, ಮಗಳು ಅದನ್ನು ನೋಡಿ ತಾವೂ ಮುಷ್ಟಿ ಬಿಗಿದರು. ಸೋಲಲಿ, ಎಂದು ಅವನು ಬೇಡುತ್ತಿದ್ದ. ದೇವರೇ, ಇವರಾದರೂ ಸೋಲಲಿ, ಮನೆಗೆ ಹೋಗಲಿ.

ಅಂಕಣದ ನಡುವಿನಿಂದ ನೀಲಿಯವನೊಬ್ಬ ಚೆಂಡನ್ನು ಎಸೆದ. ಅದು ರಿಂಗಿನ ಅಂಚಿಗೆ ಬಡಿದು, ಸುತ್ತು ಹೊಡೆದು, ಒಳಗೆ ಬಿತ್ತು.

ತಾಯಿ ಮಗಳು ಕಿರುಚಿದರು. ಲೂರ್ದ್ ಅವನನ್ನು ತಬ್ಬಿ, "ನೋಡು, ಇವತ್ತು ಎಲ್ಲ ಒಳ್ಳೆಯದೇ!" ಎಂದಳು. ಅವಳ ಭುಜದ ಮೇಲಿನಿಂದ ನೆವಿಲ್ ಪರದೆಯನ್ನು ನೋಡಿದ. ನೀಲಿಯವರ ಬೆಂಚು ಇಡೀ ಅಂಕಣಕ್ಕೆ ನುಗ್ಗಿತ್ತು. ತುದಿಯಲ್ಲಿ ಒಬ್ಬ ಮಾತ್ರ ಕುಳಿತಿದ್ದ. ಸೋಲಿಗೆ ಸಿದ್ಧನಾಗಿ ಮೊದಲೇ ತಲೆ ಮೇಲೆ ಟವೆಲು ಎಳೆದುಕೊಂಡಿದ್ದವನು. ಈಗ ಅದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟತೊಡಗಿದ.

"ಮುಂದಿನದು ಯಾವಾಗ?" ಅಲಿಶಾ ಕೇಳಿದಳು.

"ನಾಡಿದ್ದು," ಎಂದು ನೆವಿಲ್ ಎದ್ದ.

"ಎಲ್ಲಿಗೆ?"

"ಕೆಳಗೆ. ನೆಟ್ ಹಾಕಿ ಬರ್ತೇನೆ."

ಲೂರ್ದ್ ನಕ್ಕಳು. ಇಂದು ಅವಳಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಕೆಳಗೆ ಸೂರ್ಯ ಮುಳುಗಿ ಆಗಷ್ಟೇ ಬಾಂಗು ಮುಗಿದಿತ್ತು. ಇಫ್ತಾರಿನ ಹೊತ್ತು; ರಸ್ತೆಯಲ್ಲಿ ಒಂದು ಕಾರಿಲ್ಲ. ಅಂಕಣದಲ್ಲಿ ಐದಾರು ಮಂದಿ ಫಿಲಿಪಿನೋ ಗಂಡಸರು ಹೋಟೆಲಿನ ಸಮವಸ್ತ್ರದ ಪ್ಯಾಂಟಿನಲ್ಲಿಯೇ ಆಡುತ್ತಿದ್ದರು. ನೆವಿಲ್ ಡಿಕ್ಕಿ ತೆರೆದು ನೆಟ್ ತೆಗೆದ. ಪ್ಲಾಸ್ಟಿಕ್ ಹರಿದಾಗ ಅದು ಕೊಂಡ ದಿನದಷ್ಟೇ ಬಿಳಿಯಾಗಿತ್ತು. ಅದನ್ನು ಕಂಡು ಆಟ ನಿಂತಿತು. ಒಬ್ಬ ಸಿಳ್ಳೆ ಹಾಕಿದ, ಇಬ್ಬರು ಕಾವಲುಗಾರನ ಮೇಜನ್ನೇ ಎಳೆದು ತಂದು ರಿಂಗಿನ ಕೆಳಗೆ ಇಟ್ಟರು. ಎರಡು ವರ್ಷ ಇಲ್ಲೇ ಇರುತ್ತೇನೆ, ಎಂದುಕೊಂಡು ನೆವಿಲ್ ಮೇಜು ಹತ್ತಿದ. ಸಂತೋಷವೇ ಆಯಿತು.

ನೆಟ್ ಸಿಕ್ಕಿಸಲು ರಿಂಗಿನ ಕೆಳಗೆ ಕೈಯಾಡಿಸಿದ. ಕೊಕ್ಕೆಗಳಿರಲಿಲ್ಲ. ಸುತ್ತಲೂ ತಡವಿದ. ಒಂದೂ ಇಲ್ಲ, ಅವು ಇದ್ದ ಕಡೆ ತುಕ್ಕಿನ ಬೊಕ್ಕೆ ಮಾತ್ರ ಬೆರಳಿಗೆ ತಾಗಿತು. ಇಷ್ಟು ದಿನ ನೆಟ್ಟನ್ನು ಡಿಕ್ಕಿಯಲ್ಲಿ ಹೊತ್ತು ತಿರುಗಿದವನು ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಇಳಿದ. ಅವರು ಮೇಜನ್ನು ಬದಿಗೆ ಸರಿಸಿ ಮತ್ತೆ ಆಟಕ್ಕಿಳಿದರು. ನೆವಿಲ್ ನೆಟ್ ಹಿಡಿದು ಗೆರೆಯ ಹೊರಗೆ ನಿಂತ. ಗಿಡ್ಡನೊಬ್ಬ ದೂರದಿಂದ ಚೆಂಡು ಎಸೆದ. ಮಬ್ಬು ಬೆಳಕಿನಲ್ಲಿ ಅದು ಸದ್ದಿಲ್ಲದೆ ಕೆಳಗೆ ಬಂತು. ಅರ್ಧ ಮಂದಿ ಕೈ ಮೇಲೆತ್ತಿದರು. ಉಳಿದವರು ಇಲ್ಲ ಇಲ್ಲವೆಂದು ಕೂಗಿದರು. ರಿಂಗಿನ ಒಳಗಿಂದ ಬಂತೋ, ಮುಂದಿನಿಂದ ಜಾರಿತೋ ಹೇಳಲು ಅಲ್ಲಿ ಅಲುಗಾಡುವಂಥದ್ದು ಏನೂ ಇರಲಿಲ್ಲ.

ಗಿಡ್ಡ ಇವನತ್ತ ತಿರುಗಿದ. "ಸರ್, ಯು ಸಾ? ಇನ್? ಔಟ್?"

ಎಲ್ಲರೂ ತಿರುಗಿದರು. ನೆವಿಲ್ ಬಾಯಿ ತೆರೆದ. ಚೆಂಡು ತನ್ನಷ್ಟಕ್ಕೆ ಉರುಳುತ್ತ ಗೇಟು ದಾಟಿ ಖಾಲಿ ರಸ್ತೆಗೆ ಇಳಿಯಿತು. ಅದರ ಹಿಂದೆ ಯಾರೂ ಹೋಗಲಿಲ್ಲ. ಅವನೊಂದು ಮಾತು ಹೇಳಲಿ ಎಂದು ಕಾಯುತ್ತಿದ್ದರು.